ಕಂಟ್ರೋಲ್ ಝಡ್ ಒತ್ತಿದ ಭಾನುವಾರ

1/8

ಫೋಟೋದಲ್ಲಿ ಎಡಗಡೆ ಕಾಣ್ತಿರೋದು ಅಮ್ಮನ ಸಂಘದ ಲೆಕ್ಕದ ಪುಸ್ತಕ. ಕೆಂಪು ರಟ್ಟು, ಮೂಲೆ ಸವೆದಿದೆ, ಮಧ್ಯೆ ಬ್ಯಾಂಕ್ ಚಲನ್‌ಗಳನ್ನ ಮಡಚಿಟ್ಟಿದಾರೆ. ಬಲಗಡೆ ನನ್ನ ಹಳೇ ಲ್ಯಾಪ್‌ಟಾಪ್. ಇವೆರಡರ ಮಧ್ಯೆ ನಾನು ತಂದಿಟ್ಟ ಜಗಳದ ಕಥೆ ಇದು. ಎಂಟು ಪೋಸ್ಟ್ ಆಗುತ್ತೆ, ಕಾಫಿ ಮಾಡ್ಕೊಂಡು ಬನ್ನಿ.

ಹೊಸಬರಿಗೆ: ನಾನು ಬಿಕಾಂ ನಾಲ್ಕನೇ ಸೆಮ್. ಊರು ತಿಪಟೂರಿನ ಹತ್ತಿರ. ಪ್ರೋಗ್ರಾಮಿಂಗ್ ನನ್ನ ಸಬ್ಜೆಕ್ಟ್ ಅಲ್ಲ, ಪೈಥಾನ್ ಕಲಿತಿದ್ದು ರಜೆಯಲ್ಲಿ ಯೂಟ್ಯೂಬ್ ನೋಡ್ಕೊಂಡು. ಲ್ಯಾಪ್‌ಟಾಪ್ ಎಷ್ಟು ಹಳೇದು ಅಂದ್ರೆ ವಿಂಡೋಸ್ ಎದ್ದೇಳೋಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿರುತ್ತೆ. ಅದಕ್ಕೆ ದೊಡ್ಡಮ್ಮನ ಮಗ ಲಿನಕ್ಸ್ ಹಾಕ್ಕೊಟ್ಟ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್‌ಗೆ ಕೆಲಸ ಇಲ್ಲ.

ಅಮ್ಮನ ಸಂಘದಲ್ಲಿ 16 ಜನ. ವಾರಕ್ಕೆ ತಲೆಗೆ 100 ರೂಪಾಯಿ ಉಳಿತಾಯ. ಭಾನುವಾರ ಮಧ್ಯಾಹ್ನ ನಮ್ಮನೆ ಜಗಲಿಯಲ್ಲೇ ಸಭೆ. ಲೆಕ್ಕ ಇಡೋದು ಅಮ್ಮ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಆದ್ರೆ ಕೂಡೋದ್ರಲ್ಲಿ ನನ್ನ ಕ್ಯಾಲ್ಕುಲೇಟರ್‌ಗಿಂತ ಮುಂದೆ. ನಾನು ದೊಡ್ಡ ಮನುಷ್ಯಳ ಥರ "ಅಮ್ಮಾ, ಇನ್ನು ಪುಸ್ತಕ ಬೇಡ, ನಾನು ಪ್ರೋಗ್ರಾಂ ಬರ್ಕೊಡ್ತೀನಿ" ಅಂದೆ. ಅಮ್ಮ ಹೂಂ ಅಂದ್ರು. ಆ ಹೂಂ ಎಂಥದ್ದು ಅಂತ ಆಮೇಲೆ ಹೇಳ್ತೀನಿ.

2/8

ಪ್ರೋಗ್ರಾಂ ಸರಳ. ಶುರುವಾದಾಗ ಫೈಲಿಂದ ಎಲ್ಲರ ಲೆಕ್ಕ ಓದ್ಕೊಳ್ಳುತ್ತೆ. ಒಬ್ಬೊಬ್ಬರ ಹೆಸರು ಬರುತ್ತೆ, ನಾನು ಮೊತ್ತ ಹಾಕಿ ಎಂಟರ್ ಒತ್ತಬೇಕು. ಕೊನೆಗೆ ಕ್ಯೂ ಅಂತ ಒತ್ತಿದ್ರೆ ಇಡೀ ಪಟ್ಟೀನ ಫೈಲಿಗೆ ಬರೆದು "ಉಳಿಸಲಾಗಿದೆ. ಧನ್ಯವಾದ" ಅನ್ನುತ್ತೆ. ಆ ಧನ್ಯವಾದದ ಮೇಲೆ ನಂಗೆ ಭಾರಿ ಹೆಮ್ಮೆ.

22ನೇ ವಾರ. ಅಮ್ಮ ಹೆಸರು ಕೂಗ್ತಿದ್ರು, ನಾನು ಹಾಕ್ತಿದ್ದೆ. ಹನ್ನೊಂದನೆಯವರು ಟೈಲರಿಂಗ್ ಅಕ್ಕ. 100 ಬದಲು 1000 ಹಾಕಿ ಎಂಟರ್ ಒತ್ತಿಬಿಟ್ಟೆ. ಕೈ ತಾನಾಗೇ ಕಂಟ್ರೋಲ್ ಝಡ್‌ಗೆ ಹೋಯ್ತು. ಎಕ್ಸೆಲ್‌ನಲ್ಲಿ ದಿನಾ ನೂರು ಸಲ ಒತ್ತೋ ಕೈ, ಅದರ ತಪ್ಪೇನಿದೆ?

ಪರದೆ ಮೇಲೆ ಒಂದು ಟೋಪಿ ಗುರುತು, ಪಕ್ಕದಲ್ಲಿ ಝಡ್. ಕೆಳಗೆ ಬ್ರಾಕೆಟ್ಟಲ್ಲಿ ಒಂದು, ಆಮೇಲೆ "ಸ್ಟಾಪ್ಡ್" ಅಂತ. ಪ್ರೋಗ್ರಾಂ ಮಾಯ.

ಸತ್ತೋಯ್ತು ಅಂದ್ಕೊಂಡೆ. ಎಲ್ಲರೂ ಕಾಯ್ತಾ ಕೂತಿದಾರೆ, ಒಬ್ಬರ ಮಗು ಬೇರೆ ಅಳ್ತಿದೆ. ಮತ್ತೆ ಮೊದಲಿಂದ ಶುರು ಮಾಡಿ 16 ಜನರದ್ದೂ ಹಾಕಿ, ಉಳಿಸಿ ಮುಗಿಸ್ದೆ. ಎಲ್ಲ ಸರಿ ಇತ್ತು. ಪಿನ್ನು ಬಿದ್ದಂಗೆ ಸರಿ.

ಅವರೆಲ್ಲ ಹೋದ ಮೇಲೆ ಟರ್ಮಿನಲ್ ಮುಚ್ಚೋಕೆ ಎಕ್ಸಿಟ್ ಅಂತ ಹೊಡೆದೆ. ಅದು ಹೋಗ್ಲಿಲ್ಲ. ನಿಂತಿರೋ ಕೆಲಸ ಇದೆ ಅಂತ ಎಚ್ಚರಿಕೆ ಕೊಡ್ತು. ಫೋನಲ್ಲಿ ಹುಡುಕಿದೆ, ಎಫ್‌ಜಿ ಅಂತ ಹೊಡೆದ್ರೆ ವಾಪಸ್ ಬರುತ್ತೆ ಅಂತ ಗೊತ್ತಾಯ್ತು. ಹೊಡೆದೆ. ಬಂತು! ಮಧ್ಯಾಹ್ನ ಸತ್ತಿದ್ದ ಪ್ರೋಗ್ರಾಂ, ಹನ್ನೆರಡನೇ ಹೆಸರಿಗೆ ಮೊತ್ತ ಎಷ್ಟು ಅಂತ ಕಾಯ್ತಾ ಇದೆ. ಪಾಪ ಅನ್ನಿಸ್ತು. ಸುಮ್ನೆ ಕೊಲ್ಲೋದು ಯಾಕೆ, ಮರ್ಯಾದೆಯಾಗಿ ಮುಗಿಸೋಣ ಅಂತ ಕ್ಯೂ ಒತ್ತಿದೆ.

"ಉಳಿಸಲಾಗಿದೆ. ಧನ್ಯವಾದ."

ಲ್ಯಾಪ್‌ಟಾಪ್ ಮುಚ್ಚಿ ಟಿವಿ ನೋಡೋಕೆ ಹೋದೆ.

3/8

ಮುಂದಿನ ಭಾನುವಾರ ನಾನೇ ಒಬ್ಬೊಬ್ಬರ ಬಾಕಿ ಓದ್ತಿದ್ದೆ. 2200, 2200, 2200. ಹೂ ಕಟ್ಟಿ ಮಾರೋ ಅತ್ತೆ ಹತ್ರ ಬಂದಾಗ 2100 ಅಂದೆ.

ಅತ್ತೆ ತಲೆ ಎತ್ತಿದ್ರು. "ಹೋದ್ವಾರ ಕೊಟ್ಟಿದ್ದೀನಲ್ಲ ಮಗ."

"ಇಲ್ಲಿ ಇಲ್ಲ ಅತ್ತೆ" ಅಂದೆ. ಎಷ್ಟು ಸಲೀಸಾಗಿ ಅಂದೆ ನೋಡಿ. ಇಲ್ಲಿ ಇಲ್ಲ. ಕಂಪ್ಯೂಟರ್ ಹೇಳಿದ್ಮೇಲೆ ಮುಗೀತು ಅನ್ನೋ ಹಾಗೆ.

"ಹಂಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?" ಅಂದ್ರು. ಜೋರಾಗೇನೂ ಅಲ್ಲ. ಜೋರಾಗಿ ಅಂದಿದ್ರೆ ಚೆನ್ನಾಗಿರ್ತಿತ್ತು.

ಆಮೇಲೆ ಇನ್ನೂ ನಾಲ್ಕು ಜನ "ನಂದೂ ನೂರು ಕಮ್ಮಿ" ಅಂದ್ರು. ಜಗಲಿ ಮೇಲೆ ಗುಸುಗುಸು. ದುಡ್ಡಿನ ಡಬ್ಬಿ ಇರೋದು ನಮ್ಮನೇಲಿ, ಲೆಕ್ಕ ಇಡೋದು ನಮ್ಮಮ್ಮ, ಟೈಪ್ ಮಾಡೋದು ಅವರ ಮಗಳು. ಅನುಮಾನ ಎಲ್ಲಿಗೆ ಬರುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾ?

ಅಮ್ಮ ಐದೂ ಜನಕ್ಕೆ "ನೀವು ಕೊಟ್ಟಿದ್ದೀರಿ, ನಂಗೆ ನೆನಪಿದೆ" ಅಂದು ಸಭೆ ಮುಗಿಸಿದ್ರು. ರಾತ್ರಿ ಅಡುಗೆಮನೆ ಡಬ್ಬದಿಂದ ಹಾಲಿನ ದುಡ್ಡು ತೆಗೆದು ಸಂಘದ ಡಬ್ಬಿಗೆ ಹಾಕ್ತಿದ್ದದ್ದು ನೋಡಿದೆ. 900 ರೂಪಾಯಿ. ಯಾಕೆ ಅಂತ ಕೇಳಿದ್ರೆ, "ಲೆಕ್ಕಕ್ಕೆ ಅಷ್ಟು ಕಮ್ಮಿ ಇದೆ ಕಣೆ. ಎಲ್ಲೋ ನಾನೇ ಬೀಳಿಸ್ಕೊಂಡಿರ್ಬೇಕು" ಅಂದ್ರು.

ನಿದ್ದೆ ಬರ್ಲಿಲ್ಲ.

4/8

ಇಲ್ಲಿ ಬಿಕಾಂ ಉಪಯೋಗಕ್ಕೆ ಬಂತು. (ಕ್ಲಾಸಲ್ಲಿ ಇದು ಯಾವ ಕೆಲಸಕ್ಕೆ ಬರುತ್ತೆ ಅಂತ ಕೇಳಿದ್ದ ನನ್ನ ಬೆಂಚ್‌ಮೇಟ್‌ಗೆ ಈ ಭಾಗ ಅರ್ಪಣೆ.)

ಪರದೆ ಮೇಲಿನ ಒಟ್ಟು 35,600. ಪಾಸ್‌ಬುಕ್ಕೂ ಡಬ್ಬಿಯೂ ಸೇರಿ ಇರಬೇಕಾದ್ದು 16 ಜನ, 22 ವಾರ, ನೂರರಂತೆ 35,200. ಅಷ್ಟೇ ಇತ್ತು ಕೂಡ. ವ್ಯತ್ಯಾಸ 400. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸವನ್ನ 9ರಿಂದ ಭಾಗಿಸಿ ನೋಡಿ ಅಂತ ನಮಗೆ ಹೇಳ್ಕೊಡ್ತಾರೆ. ಭಾಗ ಹೋದ್ರೆ ಅಂಕಿ ಅದಲುಬದಲಾಗಿರ್ಬಹುದು, ಇಲ್ಲಾ ಒಂದು ಸೊನ್ನೆ ಜಾಸ್ತಿ ಬಿದ್ದಿರ್ಬಹುದು. 63 ಬದಲು 36 ಬರೆದ್ರೆ ವ್ಯತ್ಯಾಸ 27. ನೂರರ ಬದಲು ಸಾವಿರ ಬರೆದ್ರೆ 900. ಎರಡೂ 9ರಿಂದ ಹೋಗುತ್ತೆ.

400 ಹೋಗಲ್ಲ. ಆದ್ರೆ ಅಮ್ಮ ಮಾಡಿದ ಹಾಗೆ ಐದು ಜನರ 500 ಸೇರಿಸಿ ನೋಡಿದ್ರೆ? 36,100. ಈಗ ವ್ಯತ್ಯಾಸ 900. ಹೋಗುತ್ತೆ.

ಎದ್ದು ಕೂತೆ. ಸಾವಿರ ಎಲ್ಲಿ ಅಂತ ಹುಡುಕಿದ್ರೆ ಟೈಲರಿಂಗ್ ಅಕ್ಕನ ಖಾತೆಯಲ್ಲಿ 3100. ಅವತ್ತು ಅವರು ಅರಸೀಕೆರೆಗೆ ಮದುವೆಗೆ ಹೋಗಿದ್ರು, ಇದ್ದಿದ್ರೆ ಅಲ್ಲೇ ಹೇಳಿರೋರು. ಮತ್ತೆ ಕಮ್ಮಿ ಬಂದ ಐದು ಜನ ಯಾರು? ಹನ್ನೆರಡರಿಂದ ಹದಿನಾರು. ಹನ್ನೊಂದನೇ ಹೆಸರಿಗೆ ಸಾವಿರ ಹಾಕಿ ನಾನು ಕಂಟ್ರೋಲ್ ಝಡ್ ಒತ್ತಿದ್ದು ಆಗ ಜ್ಞಾಪಕಕ್ಕೆ ಬಂತು.

ನಿಂತಿದ್ದ ಮೊದಲನೇ ಪ್ರತಿ ಸತ್ತಿರ್ಲಿಲ್ಲ, ನಿದ್ದೆ ಮಾಡ್ತಿತ್ತು. ಅದರ ತಲೆಯಲ್ಲಿ 21ನೇ ವಾರದ ಲೆಕ್ಕ, ಜೊತೆಗೆ ಹನ್ನೊಂದು ಜನರ ಹೊಸ ಎಂಟ್ರಿ. ಎರಡನೇ ಪ್ರತಿ ಸರಿಯಾದ ಲೆಕ್ಕ ಬರೆದು ಹೋಗಿದ್ದು ಅದಕ್ಕೆ ಗೊತ್ತೇ ಇಲ್ಲ. ನಾನು ಎಬ್ಬಿಸಿ, ಮರ್ಯಾದೆ ಕೊಟ್ಟು, ಉಳಿಸು ಅಂದೆ. ಅದು ತನ್ನ ಹಳೇ ಲೆಕ್ಕವನ್ನ ಹೊಸದರ ಮೇಲೆ ಬರೆದು ಧನ್ಯವಾದ ಹೇಳ್ತು. ಸುಮ್ನೆ ಕೊಂದಿದ್ರೆ ಏನೂ ಆಗ್ತಿರ್ಲಿಲ್ಲ. ಫೈಲಿಗೆ ಕೈ ಹಾಕ್ತಾನೇ ಇರ್ಲಿಲ್ಲ ಅದು.

5/8

ಈಗ ಸ್ವಲ್ಪ ಒಳಗಿನ ವಿಷಯ. ಕೋಡ್ ಬೇಡ ಅನ್ನೋರು ಸೀದಾ ಏಳಕ್ಕೆ ಹೋಗಿ.

ಟರ್ಮಿನಲ್ಲಲ್ಲಿ ಕಂಟ್ರೋಲ್ ಸಿ, ಕಂಟ್ರೋಲ್ ಝಡ್ ಒತ್ತಿದ್ರೆ ಆ ಅಕ್ಷರ ಸಾಮಾನ್ಯವಾಗಿ ನಿಮ್ಮ ಪ್ರೋಗ್ರಾಂಗೆ ಬರೋದೇ ಇಲ್ಲ. ಬಸ್ಸಲ್ಲಿ ಇಳೀಬೇಕು ಅಂದ್ರೆ ಡ್ರೈವರ್ ಹೆಗಲು ತಟ್ತೀರಾ? ಕಂಡಕ್ಟರ್‌ಗೆ ಹೇಳ್ತೀರಿ, ಅವರು ಸೀಟಿ ಊದ್ತಾರೆ. ಇಲ್ಲಿ ಕಂಡಕ್ಟರ್ ಅಂದ್ರೆ ಕರ್ನಲ್ ಒಳಗಿರೋ ಟರ್ಮಿನಲ್ ಡ್ರೈವರ್. ಕಂಟ್ರೋಲ್ ಸಿ ಕಂಡ್ರೆ ಮುಂದೆ ಓಡ್ತಿರೋ ಪ್ರೋಗ್ರಾಂಗೆ ಸಿಗ್‌ಇಂಟ್ ಅನ್ನೋ ಸಿಗ್ನಲ್, ಝಡ್ ಕಂಡ್ರೆ ಸಿಗ್‌ಟಿಎಸ್‌ಟಿಪಿ. ಲಿನಕ್ಸಲ್ಲಿ ಮೊದಲನೇದರ ನಂಬರ್ 2, ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಎರಡನೇದರದ್ದು 20. ಸುಮ್ನೆ ಬಿಟ್ರೆ ಇಂಟ್ ಬಂದ ಪ್ರೋಗ್ರಾಂ ಸಾಯುತ್ತೆ, ಟಿಎಸ್‌ಟಿಪಿ ಬಂದದ್ದು ನಿಲ್ಲುತ್ತೆ. ನಿಂತದ್ದು ಮೆಮೊರಿಯಲ್ಲಿ ಹಾಗೇ ಇರುತ್ತೆ, ತೆರೆದಿಟ್ಟ ಫೈಲುಗಳ ಸಮೇತ. ಎಫ್‌ಜಿ ಹೊಡೆದ್ರೆ ಸಿಗ್‌ಕಾಂಟ್ ಹೋಗುತ್ತೆ. ಅದು "ರೈಟ್ ರೈಟ್".

ಸಿ ಯಾಕೆ, ಝಡ್ ಯಾಕೆ? ಕಂಟ್ರೋಲ್ ಜೊತೆ ಅಕ್ಷರ ಒತ್ತಿದ್ರೆ ವರ್ಣಮಾಲೆಯಲ್ಲಿ ಅದರ ಸ್ಥಾನದ ಸಂಖ್ಯೆ ಹೋಗುತ್ತೆ. ಸಿ 3, ಝಡ್ 26. ಆಸ್ಕಿ ಪಟ್ಟಿಯಲ್ಲಿ 3 ಅಂದ್ರೆ "ಪಠ್ಯ ಮುಗೀತು" ಅನ್ನೋ ಗುರುತು. ಝಡ್‌ನಿಂದ ಕೆಲಸ ನಿಲ್ಲಿಸಿಡೋ ಪದ್ಧತಿ 1980ರ ಸುಮಾರಿಗೆ ಬರ್ಕ್ಲಿಯ ಯೂನಿಕ್ಸ್‌ನಲ್ಲಿ ಬಂತು. ಆಗ ಒಬ್ಬರಿಗೆ ಒಂದೇ ಪರದೆ, ಪಕ್ಕದಲ್ಲಿ ಇನ್ನೊಂದು ವಿಂಡೋ ತೆರೆಯೋ ಹಾಗಿಲ್ಲ. ಒಂದು ಕೆಲಸ ಪಕ್ಕಕ್ಕಿಟ್ಟು ಇನ್ನೊಂದು ಮಾಡ್ಬೇಕಂದ್ರೆ ಇದೇ ದಾರಿ. ನಾವು ಈಗ ಬಳಸೋ ಝಡ್ ಎಕ್ಸ್ ಸಿ ವಿ ಸಾಲು, ಅಂದ್ರೆ ಅನ್‌ಡೂ, ಕಟ್, ಕಾಪಿ, ಪೇಸ್ಟ್, ಆಪಲ್‌ನ ಲಿಸಾ ಕಂಪ್ಯೂಟರ್‌ನಲ್ಲಿ 1983ಕ್ಕೇ ಇತ್ತು. ಎರಡು ಬೇರೆ ಬೇರೆ ಮನೆತನ, ಒಂದೇ ಕೀಲಿ. ಒಂದು ಮನೆಯ ಅಭ್ಯಾಸ ಇನ್ನೊಂದು ಮನೆಗೆ ತಗೊಂಡು ಹೋದೆ, ಅಷ್ಟೇ ನಾನು ಮಾಡಿದ್ದು.

ಕಾಲೇಜ್ ಲ್ಯಾಬಿನ ವಿಂಡೋಸ್‌ನಲ್ಲಿ ಟ್ರೈ ಮಾಡಿ ನಂಗೆ ಬೈಬೇಡಿ. ಅಲ್ಲಿ ಕಂಟ್ರೋಲ್ ಝಡ್ ನಿಲ್ಲಿಸಲ್ಲ. ಝಡ್ ಒತ್ತಿ ಎಂಟರ್ ಹೊಡೆದ್ರೆ "ಇನ್‌ಪುಟ್ ಮುಗೀತು" ಅಂತ ಅರ್ಥ, ಪೈಥಾನ್ ಇಒಎಫ್ ಎರರ್ ಅಂತ ಬೀಳುತ್ತೆ.

6/8

ರಿಪೇರಿ ಒಂದೇ ಏಟಿಗೆ ಆಗ್ಲಿಲ್ಲ.

ಮೊದಲು ಸಿಟ್ಟಲ್ಲಿ ಎರಡೂ ಸಿಗ್ನಲನ್ನ ಕಡೆಗಣಿಸು ಅಂತ ಬರೆದೆ, ಎರಡೇ ಸಾಲು. ಮಾರನೇ ದಿನವೇ ಪ್ರೋಗ್ರಾಂ ಒಂದು ಸುತ್ತಲ್ಲಿ ಸಿಕ್ಕಾಕ್ಕೊಂಡಿತು, ಹೊರಗೆ ಬರೋಕೆ ಆಗ್ತಿಲ್ಲ. ಬಾಗಿಲಿಗೆ ಹೊರಗಿಂದ ಚಿಲಕ ಹಾಕ್ಕೊಂಡ ಹಾಗೆ. ಅಳಿಸ್ದೆ.

ಚಿಲಕ ತೆಗೆದ ಮೇಲೂ ಕಂಟ್ರೋಲ್ ಸಿಗೆ ಮೊತ್ತ ಕೇಳೋ ಜಾಗದಲ್ಲಿ "ಸಂಖ್ಯೆ ಮಾತ್ರ ಹಾಕಿ" ಅಂತ ಬೈಸ್ಕೊಳ್ತಿದ್ದೆ. ಎಷ್ಟು ಸಲ ಒತ್ತಿದ್ರೂ ಅದೇ. ಪೈಥಾನ್‌ನಲ್ಲಿ ಕಂಟ್ರೋಲ್ ಸಿ ಬಂದ್ರೆ ಕೀಬೋರ್ಡ್ ಇಂಟರಪ್ಟ್ ಅನ್ನೋ ಎಕ್ಸೆಪ್ಷನ್ ಏಳುತ್ತೆ. ನಾನು "ಯಾವ ತಪ್ಪಾದ್ರೂ ಹಿಡಿ" ಅಂತ ಬರೀ ಎಕ್ಸೆಪ್ಟ್ ಬರೆದಿದ್ದೆ, ಅದು ಇದನ್ನೂ ನುಂಗ್ತಿತ್ತು. ವ್ಯಾಲ್ಯೂ ಎರರ್ ಮಾತ್ರ ಹಿಡಿ ಅಂತ ಬದಲಾಯಿಸ್ದೆ. ಹೊಸಬರು ಇದೊಂದನ್ನ ದಯವಿಟ್ಟು ಮಾಡ್ಕೊಳ್ಳಿ.

ಆಮೇಲೆ ಭಯ ಹುಟ್ಟಿಸಿದ್ದು ಇನ್ನೊಂದು. ಫೈಲಿನ ನಕಲು ಇಟ್ಕೊಂಡು, ಉಳಿಸೋ ಸುತ್ತಲ್ಲಿ ಬೇಕಂತಲೇ ನಿಧಾನ ಮಾಡಿ, ಮಧ್ಯದಲ್ಲಿ ಕಂಟ್ರೋಲ್ ಸಿ ಒತ್ತಿದೆ. 16 ಜನರಲ್ಲಿ 7 ಜನ ಉಳಿದ್ರು. ಬರೆಯೋಕೆ ಅಂತ ಫೈಲ್ ತೆರೆದ ಕ್ಷಣಕ್ಕೇ ಹಳೇದೆಲ್ಲ ಖಾಲಿಯಾಗಿರುತ್ತೆ, ಹೊಸದು ಅರ್ಧ ಬರೆಯೋಷ್ಟರಲ್ಲಿ ಕತೆ ಮುಗೀತು. ಅಂದ್ರೆ ಇಷ್ಟು ವಾರ ನಾವು ಬರೀ ಅದೃಷ್ಟದ ಮೇಲೆ ನಡೀತಿದ್ವಿ.

ಇದಕ್ಕೆ ಪರಿಹಾರ ಹಳೇದು: ಪಕ್ಕದಲ್ಲಿ ಬೇರೆ ಹೆಸರಿನ ಫೈಲಿಗೆ ಪೂರ್ತಿ ಬರೆದು, ಡಿಸ್ಕಿಗೆ ಹೋಗೋ ತನಕ ಕಾದು, ಆಮೇಲೆ ಹಳೇ ಹೆಸರಿಗೆ ಬದಲಾಯಿಸೋದು. ಪೈಥಾನ್‌ನಲ್ಲಿ ಓಎಸ್ ಡಾಟ್ ರಿಪ್ಲೇಸ್. ಹೆಸರು ಬದಲಾವಣೆ ಅರ್ಧಂಬರ್ಧ ಆಗಲ್ಲ. ಒಂದಾ ಹಳೇ ಲೆಕ್ಕ ಇರುತ್ತೆ, ಇಲ್ಲಾ ಹೊಸದು. ಮಧ್ಯದ್ದು ಯಾವತ್ತೂ ಕಣ್ಣಿಗೆ ಬೀಳಲ್ಲ.

ಕಂಟ್ರೋಲ್ ಸಿಗೆ ಹ್ಯಾಂಡ್ಲರ್ ಬರೆದೆ. ಹ್ಯಾಂಡ್ಲರ್ ಒಳಗೆ ಜಾಸ್ತಿ ಕೆಲಸ ಮಾಡ್ಬೇಡಿ, ಒಂದು ಬಾವುಟ ಎತ್ತಿ ಬನ್ನಿ ಅಂತ ಎಲ್ಲರೂ ಹೇಳ್ತಾರೆ. ಎತ್ತಿದೆ. ಆಮೇಲೆ ಒತ್ತಿದ್ರೆ ಏನೂ ಆಗ್ತಿಲ್ಲ! 3.5ರಿಂದ ಈಚೆಗೆ ಪೈಥಾನ್, ಸಿಗ್ನಲ್ ಬಂದು ಹೋದ ಮೇಲೆ ತಾನು ಕಾಯ್ತಿದ್ದ ಇನ್‌ಪುಟ್ಟನ್ನ ಮತ್ತೆ ಕಾಯೋಕೆ ಕೂರುತ್ತೆ. ಎಂಟರ್ ಒತ್ತೋ ತನಕ ಬಾವುಟ ಯಾರೂ ನೋಡಲ್ಲ. ಅದಕ್ಕೆ ಈಗ ಎರಡು ಥರ ಇಟ್ಟಿದ್ದೀನಿ. ಮೊತ್ತ ಕೇಳ್ತಾ ಇದ್ರೆ ಕಂಟ್ರೋಲ್ ಸಿ ತಕ್ಷಣ ನಿಲ್ಲಿಸಿ "ಇಲ್ಲಿವರೆಗಿನದು ಉಳಿಸಲಾ?" ಅಂತ ಕೇಳುತ್ತೆ. ಉಳಿಸ್ತಾ ಇದ್ರೆ ಬರೀ ಬಾವುಟ, ಬರೆದು ಮುಗಿಸಿಯೇ ಹೊರಡೋದು.

ಇಷ್ಟೆಲ್ಲ ಆದ್ರೂ ಹಿಡಿಯೋಕಾಗದ ಎರಡಿವೆ, ಸಿಗ್‌ಕಿಲ್ ಮತ್ತೆ ಸಿಗ್‌ಸ್ಟಾಪ್. ಅವು ಬಂದ್ರೆ ಪ್ರೋಗ್ರಾಂ ಮಾತಿಗೆ ಬೆಲೆ ಇಲ್ಲ. ಆಫ್ ಆಗೋ ಬ್ಯಾಟರಿಯೂ ಹಾಗೇ. ಆದ್ದರಿಂದ ಪಕ್ಕದ ಫೈಲಿನ ಉಪಾಯ ಹ್ಯಾಂಡ್ಲರ್‌ಗಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

7/8

ಉಳಿದದ್ದು ನಮ್ಮ ಖಳನಾಯಕ ಝಡ್.

ಇದಕ್ಕೆ ಉತ್ತರ ಸಿಕ್ಕಿದ್ದು ಲ್ಯಾಪ್‌ಟಾಪಲ್ಲಿ ಅಲ್ಲ. ಅಮ್ಮನ ಹತ್ರ ಹೋಗಿ ನಡೆದದ್ದೆಲ್ಲ ಹೇಳ್ದೆ, ಅತ್ತೆ. ಅಮ್ಮ ಬೈಲಿಲ್ಲ. ಒಳಗೆ ಹೋಗಿ ಅಕ್ಕಿ ಡಬ್ಬದ ಹಿಂದಿಂದ ಕೆಂಪು ಪುಸ್ತಕ ತಂದ್ರು. ನಾನು ಬೇಡ ಅಂದ ದಿನದಿಂದ ಒಂದು ವಾರವೂ ಬಿಡದೆ, ರಾತ್ರಿ ನಾನು ಮಲಗಿದ ಮೇಲೆ ಬರೆದಿದಾರೆ! 22ನೇ ವಾರ, 16 ಹೆಸರು, 16 ನೂರು. ಹೂಂ ಅಂದಿದ್ದು ಅಂಥದ್ದು.

"ಮತ್ತೆ ಇದನ್ನ ಅವತ್ತೇ ಯಾಕೆ ತೋರಿಸ್ಲಿಲ್ಲ?"

"ಎಲ್ಲರ ಮುಂದೆ ನಿನ್ನ ಮುಖ ಸಣ್ಣ ಆಗೋದು ಬೇಡ ಅಂತ."

ಅದಕ್ಕೆ 900 ರೂಪಾಯಿ ಕೊಟ್ಟಿದ್ರು.

ಅವತ್ತು ಆ ಪುಸ್ತಕವನ್ನ ಮೊದಲ ಸಲ ಸರಿಯಾಗಿ ನೋಡ್ದೆ. ಅಮ್ಮ ಪ್ರತಿ ವಾರ ಇಡೀ ಲೆಕ್ಕ ಹೊಸದಾಗಿ ಬರೆಯಲ್ಲ. ಕಿರ್ದಿ ಬರೆದ ಹಾಗೆ, ದುಡ್ಡು ಕೈಗೆ ಬಂದ ಕ್ರಮದಲ್ಲೇ ಕೆಳಗೊಂದು ಸಾಲು ಸೇರಿಸ್ತಾರೆ. ತಪ್ಪಾದ್ರೆ ಅಳಿಸಲ್ಲ, ಗೆರೆ ಎಳೆದು ಪಕ್ಕದಲ್ಲಿ ಸರಿ ಮಾಡಿ ಸಹಿ. ಮಧ್ಯೆ ಯಾರಾದ್ರೂ ಕರೆದ್ರೆ ಪೆನ್ನನ್ನ ಆ ಪುಟದಲ್ಲೇ ಇಟ್ಟು ಎದ್ದು ಹೋಗ್ತಾರೆ. ಪುಸ್ತಕ ಒಂದೇ ಇರೋದ್ರಿಂದ ಇನ್ನೊಬ್ಬರು ಇನ್ನೊಂದು ಪುಸ್ತಕದಲ್ಲಿ ಮುಂದುವರಿಸೋ ಪ್ರಶ್ನೆಯೇ ಇಲ್ಲ. ಕಾಮರ್ಸ್ ಓದ್ತಿರೋ ನಾನು ನೇರ ಲೆಡ್ಜರ್ ಬರೆದು, ಜರ್ನಲ್ಲೇ ಇಟ್ಟಿರ್ಲಿಲ್ಲ. ನಮ್ಮ ಮೇಡಂಗೆ ಗೊತ್ತಾದ್ರೆ ಇಂಟರ್ನಲ್ಸ್ ಮಾರ್ಕ್ಸ್ ಕಟ್.

ಪ್ರೋಗ್ರಾಂ ಈಗ ಹಾಗೇ ನಡೆಯುತ್ತೆ. ಎಂಟರ್ ಒತ್ತಿದ ತಕ್ಷಣ ಒಂದು ಸಾಲು ಫೈಲಿನ ಕೊನೆಗೆ ಸೇರುತ್ತೆ. ಶುರುವಾದಾಗ ಫೈಲಿಗೆ ಬೀಗ ಹಾಕುತ್ತೆ, ಹೆಸರು ಎಫ್‌ಲಾಕ್. ಪ್ರೋಗ್ರಾಂ ನಿದ್ದೆಯಲ್ಲಿದ್ರೂ ಬೀಗ ಅದರ ಕೈಯಲ್ಲೇ ಇರುತ್ತೆ, ಸತ್ರೆ ತಾನಾಗೇ ಬಿಡುತ್ತೆ. ಹಾಗಾಗಿ ಎರಡನೇ ಪ್ರತಿ ತೆರೆಯೋಕೆ ಹೋದ್ರೆ "ಒಂದು ಆಗ್ಲೇ ತೆರೆದಿದೆ, ಎಫ್‌ಜಿ ಹೊಡೀರಿ" ಅಂತ ಹೇಳಿ ಹೊರಟು ಹೋಗುತ್ತೆ. ಕಂಟ್ರೋಲ್ ಝಡ್ ಒತ್ತಿದ್ರೆ ಹ್ಯಾಂಡ್ಲರ್ ಮೊದಲು ಒಂದು ಸಾಲು ತೋರಿಸುತ್ತೆ: "ಇದು ಅನ್‌ಡೂ ಅಲ್ಲ. ನಾನು ಮಲಗ್ತಿದ್ದೀನಿ. ಎಬ್ಬಿಸೋಕೆ ಎಫ್‌ಜಿ." ಆಮೇಲೆ ತನಗೆ ತಾನೇ ಸಿಗ್‌ಸ್ಟಾಪ್ ಕಳಿಸ್ಕೊಂಡು ನಿಲ್ಲುತ್ತೆ. ಎದ್ದಾಗ ಫೈಲನ್ನ ಮತ್ತೆ ಓದಿ, ಕೊನೇಲಿ ಯಾರ ಹೆಸರಿಗೆ ಎಷ್ಟು ಬಿದ್ದಿದೆ ಅಂತ ತೋರಿಸಿ, ಮುಂದಿನ ಹೆಸರು ಕೇಳುತ್ತೆ. ತಪ್ಪು ತಿದ್ದೋಕೆ ಬೇರೆ ಆಯ್ಕೆ ಇಟ್ಟಿದ್ದೀನಿ. ಅದೂ ಅಳಿಸಲ್ಲ, ಹೊಸ ಸಾಲು ಹಾಕುತ್ತೆ.

ಮರೆತೆ, ಧನ್ಯವಾದ ತೆಗೆದಾಕಿದ್ದೀನಿ.

8/8

24ನೇ ವಾರದ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳ್ದೆ. ಸಿಗ್ನಲ್ಲು ಗಿಗ್ನಲ್ಲು ಎಲ್ಲ ಬಿಟ್ಟು, "ತಪ್ಪು ಕೀಲಿ ಒತ್ತಿದ್ದು ನಾನು, ಅಮ್ಮ ಅಲ್ಲ, ನೀವ್ಯಾರೂ ಅಲ್ಲ" ಅಂದೆ. ಟೈಲರಿಂಗ್ ಅಕ್ಕ "ಅಯ್ಯೋ, ಒಂಬೈನೂರು ಹಂಗೇ ಇರ್ಲಿ ಬಿಡೆ" ಅಂತ ನಗಿಸಿದ್ರು. ಅಮ್ಮ ಹಾಕಿದ 900 ವಾಪಸ್ ಕೊಡೋಕೆ ಎಲ್ಲರೂ ಒಪ್ಪಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿದ್ರು. ಅಮ್ಮ ತಗೊಂಡು ಎಣಿಸಿ ಹಾಲಿನ ಡಬ್ಬಕ್ಕೆ ಹಾಕಿದ್ರು.

ಹೂವಿನ ಅತ್ತೆ ಏನೂ ಅನ್ಲಿಲ್ಲ. ಹೋಗೋವಾಗ ನನ್ನ ಕೈಗೆ ಒಂದು ಮೊಳ ಕನಕಾಂಬರ ಕೊಟ್ಟು ಹೋದ್ರು. ದುಡ್ಡು ಕೊಡೋಕೆ ಹೋದ್ರೆ ತಗೊಳ್ಲಿಲ್ಲ.

ಆಮೇಲೆ ಐದು ಭಾನುವಾರ ಆಗಿವೆ. ಪ್ರೋಗ್ರಾಂ ಚೆನ್ನಾಗೇ ನಡೀತಿದೆ. ಹೋದ ವಾರ ಮಧ್ಯದಲ್ಲಿ ಹಾಲು ಉಕ್ತು, ನಾನು ಅಂಗಡಿಗೆ ಹೋಗಿದ್ದೆ, ಅಮ್ಮನೇ ಟೈಪ್ ಮಾಡ್ತಿದ್ರು. ಕಂಟ್ರೋಲ್ ಝಡ್ ಒತ್ತಿ ಒಳಗೆ ಓಡಿ, ಬಂದು ಎಫ್‌ಜಿ ಹೊಡೆದ್ರಂತೆ. ನಂಗೆ ಹೇಳಿದ್ದು ರಾತ್ರಿ ಊಟಕ್ಕೆ ಕೂತಾಗ, ಉಪ್ಪಿನಕಾಯಿ ಬಡಿಸ್ತಾ.

ಆದ್ರೆ ಅತ್ತೆ ನೂರು ರೂಪಾಯಿ ಕೊಟ್ಟ ಮೇಲೆ ಈಗಲೂ ಪರದೆ ಕಡೆ ನೋಡಲ್ಲ. ನಾನು ಎಂಟರ್ ಒತ್ತಿ "ಆಯ್ತು ಅತ್ತೆ" ಅಂದ್ರೂ ಅಲ್ಲೇ ನಿಂತಿರ್ತಾರೆ. ಅಮ್ಮ ಕೆಂಪು ಪುಸ್ತಕದಲ್ಲಿ ಬರೆದು ಪೆನ್ನು ಎತ್ತೋ ತನಕ ನೋಡಿ, ಆಮೇಲೆ ಹೋಗಿ ಕೂರ್ತಾರೆ. ನಾನೂ ಅಲ್ಲೀವರೆಗೆ ಮುಂದಿನ ಹೆಸರಿಗೆ ಹೋಗಲ್ಲ.

#ಬಿಕಾಂಡೈರಿ #ಅಮ್ಮನಸಂಘ #ಕಪ್ಪುಪರದೆ #ಕನ್ನಡದಲ್ಲಿಕೋಡ್